ಹೊಟ್ಟೆಯಲ್ಲಿ ಏನೂ ಇರಲಿಲ್ಲ

2024 ಮಾರ್ಚ್ 14, ಗುರುವಾರ
ದಾವಣಗೆರೆ

ಐಸಿಯು ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಮೂರೂವರೆ. ಮಾರ್ಚ್‌ನಲ್ಲೇ ಬಿಸಿಲು ಹೀಗಿದ್ದರೆ ಏಪ್ರಿಲ್‌ನಲ್ಲಿ ಏನು ಗತಿಯೋ. ಮಲಗಿದರೂ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಾ ಕೂತೆ.

ನಾಲ್ಕನೇ ಬೆಡ್ಡಿನ ಅಜ್ಜ ಜಗಳೂರು ಕಡೆಯವರು. ನ್ಯುಮೋನಿಯಾ ಅಂತ ಬಂದವರು ಒಂಬತ್ತು ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಇನ್ನೇನು ಸುಧಾರಿಸಿದರು ಅನ್ನುವಾಗ ನಿನ್ನೆ ರಾತ್ರಿ ಹೊಟ್ಟೆ ಉಬ್ಬಿತು. ಮುಟ್ಟಿದರೆ ತಮಟೆ. ಬಿಪಿ ಬೀಳದಂತೆ ಹಿಡಿಯೋಕೆ ನಾರ್‌ಅಡ್ರಿನಲಿನ್ ಔಷಧಿ ಏರಿಸುತ್ತಲೇ ಹೋದರಂತೆ. ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್, ರಕ್ತದಲ್ಲಿ 2ರಷ್ಟಿದ್ದದ್ದು ಬೆಳಗ್ಗೆ 5 ದಾಟಿತ್ತು. ಎಚ್ಚರ ಇರುವವರಾದರೆ ಹೊಟ್ಟೆ ಒತ್ತಿದಾಗ ಅಯ್ಯೋ ಅಂತಾರೆ. ನಿದ್ದೆ ಔಷಧಿಯಲ್ಲಿ ಇರುವವರು ಏನು ಹೇಳಬೇಕು?

ಕರುಳಿಗೆ ರಕ್ತ ಹೋಗುತ್ತಿಲ್ಲವೋ, ಎಲ್ಲಾದರೂ ತೂತು ಬಿದ್ದಿದೆಯೋ, ಪಿತ್ತಕೋಶ ಊದಿದೆಯೋ. ಐಸಿಯುನಲ್ಲಿ ದಿನಗಟ್ಟಲೆ ಮಲಗಿದವರಿಗೆ ಒಂದು ಕಲ್ಲೂ ಇಲ್ಲದೆ ಪಿತ್ತಕೋಶ ಊದಿಕೊಳ್ಳುತ್ತದೆ. ಸ್ಕ್ಯಾನಿಂಗ್ ಮಾಡಿದರೆ ಕರುಳಿನ ತುಂಬಾ ಗಾಳಿ, ಏನೂ ಕಾಣಲಿಲ್ಲ. ಸಿಟಿ ಸ್ಕ್ಯಾನ್ ಇರುವುದು ಎರಡು ಮಹಡಿ ಕೆಳಗೆ. ಆಕ್ಸಿಜನ್ ಸಿಲಿಂಡರ್, ಸಣ್ಣ ವೆಂಟಿಲೇಟರ್, ನಾಲ್ಕು ಔಷಧಿ ಪಂಪು, ನಾವು ಮೂರು ಜನ, ಆಮೇಲೆ ಲಿಫ್ಟ್. ನಡುವೆ ಬಿಪಿ ಬಿದ್ದರೆ ಅಲ್ಲಿ ಏನು ಮಾಡೋದು? ಸಾಲದ್ದಕ್ಕೆ ಕಿಡ್ನಿ ಬೇರೆ ಸೋತಿತ್ತು, ಸಿಟಿಗೆ ಬಣ್ಣದ ಔಷಧಿ ಕೊಡೋಕೂ ಹಿಂಜರಿಕೆ.

"ಇವರನ್ನ ಎಲ್ಲಿಗೂ ಒಯ್ಯೋದು ಬೇಡ. ಕ್ಯಾಮೆರಾನೇ ಇಲ್ಲಿಗೆ ತರೋಣ" ಅಂದರು ಸರ್ಜನ್ ಸರ್.

ಅಂದರೆ ಲ್ಯಾಪ್ರೊಸ್ಕೋಪಿ, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ನಳಿಗೆ ಇಳಿಸಿ ನೋಡೋದು. ಮಗ ಸಹಿ ಹಾಕಿದರು. ಅಜ್ಜಿಗೆ ಮಾತ್ರ ಅನುಮಾನ. "ಲ್ಯಾಪ್ರೊಸ್ಕೋಪಾ? ಅದು ಮಕ್ಕಳಾಗಬಾರದು ಅಂತ ಹೆಂಗಸ್ರಿಗೆ ಮಾಡೋದಲ್ಲೇನವ್ವಾ?" ಪಾಪ, ಅವರು ನೋಡಿದ್ದು ಕ್ಯಾಂಪಿನಲ್ಲಿ. ನಳಿಗೆ ಅದೇ, ಕೆಲಸ ಬೇರೆ ಅಜ್ಜಿ ಅಂದೆ.

ಮಂಚದ ಪಕ್ಕ ಜಾಗ ಮಾಡುವುದೇ ದೊಡ್ಡ ಕೆಲಸ. ಕ್ಯಾಮೆರಾದ ಟ್ರಾಲಿ, ಗ್ಯಾಸ್ ಸಿಲಿಂಡರ್, ಸಾಲದ ಪ್ಲಗ್ ಪಾಯಿಂಟು. ಪರದೆ ಎಳೆದು, ಅಜ್ಜನ ಮೇಲೆ ಹಸಿರು ಬಟ್ಟೆ ಹಾಸಿ, ಲೈಟ್ ಕಡಿಮೆ ಮಾಡಿದೆವು. ಹೊಕ್ಕುಳ ಹತ್ತಿರ ಕಿರುಬೆರಳ ಉಗುರಿನಷ್ಟು ಗಾಯ. ಅದರಿಂದ ಇಂಗಾಲದ ಡೈಆಕ್ಸೈಡ್ ತುಂಬಿ, 5 ಮಿಲಿಮೀಟರ್ ದಪ್ಪದ ಕ್ಯಾಮೆರಾ ಇಳಿಸಿದರು. ಥಿಯೇಟರಿನಲ್ಲಿ ಗ್ಯಾಸಿನ ಒತ್ತಡ ಸಾಮಾನ್ಯವಾಗಿ (ಬಿಪಿಯಂತೆ ಮಿ.ಮೀ. ಮರ್ಕ್ಯುರಿ ಲೆಕ್ಕದಲ್ಲಿ) 12ರಿಂದ 15ರವರೆಗೆ ಇಡುತ್ತಾರೆ. ಇಲ್ಲಿ 8ಕ್ಕೇ ನಿಲ್ಲಿಸಿದರು. ಹೊಟ್ಟೆ ಬಿಗಿಯಾದರೆ ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆ ಆಗುತ್ತದೆ, ಶ್ವಾಸಕೋಶಕ್ಕೂ ಜಾಗ ಸಾಲದು. ಆ ಗ್ಯಾಸ್ ರಕ್ತಕ್ಕೂ ಸೇರುತ್ತದೆ. ಅದನ್ನು ಉಸಿರಿನಲ್ಲಿ ಹೊರಹಾಕೋಕೆ ಅರಿವಳಿಕೆ ಡಾಕ್ಟರ್ ವೆಂಟಿಲೇಟರ್ ಉಸಿರನ್ನು ನಿಮಿಷಕ್ಕೆ 18ರಿಂದ 24ಕ್ಕೆ ಏರಿಸಿದರು. ನನ್ನ ಕಣ್ಣು ಪಂಪಿನ ಮೇಲೆ.

ಆದರೂ ಒಮ್ಮೆ ಸ್ಕ್ರೀನ್ ನೋಡಿಯೇ ನೋಡಿದೆ. ಕರುಳು ತಿಳಿ ಗುಲಾಬಿ, ಸುಮ್ನೆ ತನ್ನ ಪಾಡಿಗೆ ಹೊರಳುತ್ತಿತ್ತು. ಇನ್ನೊಂದು ತೂತಿನಿಂದ ಇಕ್ಕಳ ಹಾಕಿ ಕರುಳನ್ನು ಗೇಣುಗೇಣಾಗಿ ತಿರುಗಿಸಿ ನೋಡಿದರು. ಕೀವಿಲ್ಲ, ಕಪ್ಪಾಗಿಲ್ಲ. ಪಿತ್ತಕೋಶ ಸ್ವಲ್ಪ ತುಂಬಿತ್ತು, ಅಷ್ಟೇ. ಇಪ್ಪತ್ತೈದು ನಿಮಿಷದಲ್ಲಿ ಎರಡು ಹೊಲಿಗೆ ಹಾಕಿ ಮುಗಿಸಿದರು.

ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಇಂಥದೇ ಅನುಮಾನಕ್ಕೆ ಎದೆಗೂಡಿನ ಕೆಳಗಿನಿಂದ ಹೊಕ್ಕುಳ ಕೆಳಗಿನವರೆಗೆ ಕೊಯ್ದು ನೋಡಿದ್ದರು. ಅಲ್ಲೂ ಏನೂ ಸಿಗಲಿಲ್ಲ. ಆ ಗಾಯಕ್ಕೆ ಮೂರು ವಾರ ಡ್ರೆಸ್ಸಿಂಗ್ ಮಾಡಿದ್ದು ನಾನೇ. ಇವತ್ತಿನ ಎರಡು ಪ್ಲಾಸ್ಟರ್ ನೋಡಿದಾಗ ಅದೇ ನೆನಪಾಯಿತು.

ಟೀ ಕುಡಿಯುವಾಗ ಪಿಜಿ ಓದುತ್ತಿರುವ ಡಾಕ್ಟರ್ ಹುಡುಗ ಕತೆ ಹೇಳಿದ. 1901ರಲ್ಲಿ ಜರ್ಮನಿಯ ಕೆಲ್ಲಿಂಗ್ ಎಂಬ ಡಾಕ್ಟರ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ ನಳಿಗೆಯಲ್ಲಿ ಇಣುಕಿ ನೋಡಿದನಂತೆ. 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಅದನ್ನೇ ಮನುಷ್ಯರಲ್ಲಿ ಮಾಡಿದ್ದನ್ನು ಬರೆದ. ನಳಿಗೆಯಲ್ಲೇ ಅಪೆಂಡಿಕ್ಸ್ ತೆಗೆದದ್ದು 1980ರಲ್ಲಿ. ಅಂದರೆ ಇದು ಹುಟ್ಟಿದ್ದೇ ನೋಡೋದಕ್ಕೆ, ಅಲ್ವಾ?

ಹಾಗಂತ ಎಲ್ಲವೂ ಕಾಣೋದಿಲ್ಲ. ಮೇದೋಜೀರಕ ಜಠರದ ಹಿಂದೆ ಅಡಗಿ ಕೂತಿರುತ್ತದೆ. ಕರುಳಿನ ಒಳಪದರ ಮಾತ್ರ ಕೆಟ್ಟಿದ್ದರೆ ಹೊರಗಿನಿಂದ ಗುಲಾಬಿಯೇ. ಅದಕ್ಕೇ ಸರ್ ಆರು ಗಂಟೆಗೊಮ್ಮೆ ಲ್ಯಾಕ್ಟೇಟ್ ನೋಡಿ, ಏರಿದರೆ ಫೋನ್ ಮಾಡಿ ಅಂದಿದ್ದಾರೆ.

ಹೊರಗೆ ಬಂದಾಗ ಅಜ್ಜಿ ಎದ್ದು ನಿಂತರು. ಹೊಟ್ಟೆಯಲ್ಲಿ ಏನೂ ಇಲ್ಲ ಅಜ್ಜಿ ಅಂದೆ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡಿದರು.

"ಹಂಗಾದ್ರೆ ಇನ್ನೆಲ್ಲಿ ಹುಡುಕ್ತೀರವ್ವಾ?"

ಕುತ್ತಿಗೆಯ ಲೈನ್, ಅಂದರೆ ಅಲ್ಲಿನ ರಕ್ತನಾಳಕ್ಕೆ ಹಾಕಿದ್ದ ನಳಿಗೆ, ಅದರಿಂದ ಸೋಂಕು ತಗುಲಿತೇನೋ ಅಂತ ಈಗ ಅನುಮಾನ. ಅದನ್ನು ತೆಗೆದು ಬೇರೆ ಹಾಕಿದ್ದಾರೆ, ತುದಿ ಕತ್ತರಿಸಿ, ರೋಗಾಣು ಬೆಳೆಯುತ್ತದೆಯೋ ನೋಡೋಕೆ ಕಲ್ಚರ್‌ಗೆ ಕಳಿಸಿದ್ದೇವೆ. ರಿಪೋರ್ಟ್‌ಗೆ ಎರಡು ದಿನ ಬೇಕು. ನಾಳೆ ನನಗೆ ನೈಟ್ ಡ್ಯೂಟಿ.