ಪಟ್ಟಿಯಲ್ಲಿ ಇಲ್ಲದ ಹೆಸರು

"ನಿಮ್ಮ ಹೆಸರು ಇಲ್ಲವೇ ಇಲ್ಲ!" ಅಂತ ಪಕ್ಕದ ಮನೆಯ ಒಲಿವಿಯಾ ಬೇಲಿಯ ಆಚೆಯಿಂದ ಕೂಗಿದಳು. ಶಾಲೆಯಲ್ಲಿ ಹೆಸರುಗಳ ಬಗ್ಗೆ ಏನೋ ಹೋಂವರ್ಕ್ ಕೊಟ್ಟಿದ್ದರಂತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಯಾವ ಹೆಸರು ಎಷ್ಟು ಸಲ ಇಟ್ಟಿದ್ದಾರೆ ಅಂತ ಇಲ್ಲಿನ ಅಂಕಿಅಂಶ ಕಚೇರಿ ವರ್ಷ ವರ್ಷ ಪಟ್ಟಿ ಹೊರತರುತ್ತದೆ. ಆ ವರ್ಷ ಕನಿಷ್ಠ 3 ಮಕ್ಕಳಿಗಾದರೂ ಇಟ್ಟ ಹೆಸರು ಮಾತ್ರ ಅದರಲ್ಲಿ ಸಿಗುತ್ತದೆ. 2016ರಿಂದ ಹೆಣ್ಣುಮಕ್ಕಳ ಸಾಲಿನಲ್ಲಿ ಒಲಿವಿಯಾನೇ ಮೊದಲು. ತನ್ನದನ್ನು ನೋಡಿ ಮುಗಿಸಿ ನನ್ನದನ್ನು ಹುಡುಕಿದ್ದಾಳೆ. ಅಶ್ವತ್ಥಮ್ಮ ಎಲ್ಲೂ ಇಲ್ಲ.

ಅವಳ ದನಿಯಲ್ಲಿ ಹೊಟ್ಟೆಕಿಚ್ಚು. ಕ್ಲಾಸಿನಲ್ಲಿ ಇನ್ನೊಬ್ಬ ಒಲಿವಿಯಾ ಇರುವುದರಿಂದ ಇವಳು ಒಲಿವಿಯಾ ಬಿ. "ನೀವಾದರೆ ಒಬ್ಬರೇ!" ಅಂದಳು.

ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತ ಗೌರಿಬಿದನೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಅಶ್ವತ್ಥಮ್ಮ, ಅಶ್ವತ್ಥಲಕ್ಷ್ಮಿ, ಅಶ್ವತ್ಥಪ್ಪ, ಅಶ್ವತ್ಥನಾರಾಯಣ ಸಾಲಾಗಿ ಇರುತ್ತಿದ್ದರು. ಮೇಷ್ಟ್ರು ಒಂದು ಸಲ ಕರೆದರೆ ನಾಲ್ಕು ಕಡೆಯಿಂದ "ಸಾರ್". ಊರಲ್ಲಿ ಅಂಗಡಿ ಅಶ್ವತ್ಥಪ್ಪ ಬೇರೆ, ರೇಷ್ಮೆ ಅಶ್ವತ್ಥಪ್ಪ ಬೇರೆ. ನಾನು ಬಾವಿಮನೆ ಅಶ್ವತ್ಥಮ್ಮ.

ಇಷ್ಟಕ್ಕೆಲ್ಲ ಕಾರಣ ವಿದುರಾಶ್ವತ್ಥ. ವಿದುರ ನದಿಯಲ್ಲಿ ಅರ್ಘ್ಯ ಬಿಡುವಾಗ ಬೊಗಸೆಗೆ ಅಶ್ವತ್ಥದ ಸಸಿ ಬಂತು, ಅದನ್ನು ಅಲ್ಲೇ ನೆಟ್ಟ ಅಂತ ನಮ್ಮ ಕಡೆ ಕತೆ. ಮಕ್ಕಳಾಗದವರು ಅಲ್ಲಿ ಹರಕೆ ಹೊತ್ತು ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಹಾಗೆ ನಿಂತ ಕಲ್ಲುಗಳು ಸಾವಿರಾರು. ಹುಟ್ಟಿದ ಮಗುವಿಗೆ ನಾಗರಾಜ, ನಾಗಮ್ಮ, ಇಲ್ಲವೇ ಮರದ ಹೆಸರು. ಆ ಕಲ್ಲುಗಳ ಸಾಲಿನಲ್ಲಿ ನಮ್ಮಮ್ಮ ನಿಲ್ಲಿಸಿದ್ದೂ ಒಂದಿದೆ. ಹಳೆಯ ಮರ 2001ರಲ್ಲಿ ಉರುಳಿಬಿತ್ತು. ಹರಕೆ ಮಾತ್ರ ನಿಂತಿಲ್ಲ.

ಒಲಿವಿಯಾ ಇದನ್ನೆಲ್ಲ ಬರೆದುಕೊಂಡಳು. "ನಂದೂ ಮರದ ಹೆಸರೇ, ಆಲಿವ್ ಮರ" ಅಂತ ಖುಷಿಪಟ್ಟಳು. ಆಮೇಲೆ "ಇದಕ್ಕೆ ಹಿಸ್ಟರಿ ಇದೆಯಾ?" ಅಂತ ಕೇಳಿದಳು. ಇಲ್ಲದೇ ಏನು? 1938ರ ಏಪ್ರಿಲ್ 25ರಂದು ಅದೇ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 32 ಜನ ಸತ್ತರು ಅಂತ ಊರವರ ಲೆಕ್ಕ, ಸರ್ಕಾರ ಹೇಳಿದ್ದು ಅದಕ್ಕಿಂತ ಕಡಿಮೆ. ಅವಳಪ್ಪ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ, ಸ್ವಲ್ಪ ಅಳುಕಿನಿಂದಲೇ, "ನಮ್ಮವರಾ?" ಅಂದರು. ಅಲ್ಲ, ಮೈಸೂರು ಸಂಸ್ಥಾನದ ಪೊಲೀಸರು ಅಂದೆ. ಪಾಪ, ಅವರ ಮುಖ ಸಡಿಲವಾಯಿತು. ಸಂಸ್ಥಾನದ ಮೇಲೆ ಯಾರಿದ್ದರು ಅನ್ನುವುದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಿದ್ದೇನೆ.

ಇದನ್ನೆಲ್ಲ ಬರೆಯೋಕೆ ಕೂರಿಸಿದ್ದು ಅದೇ ವಾರ ಬಂದ ಒಂದು ಫೋನು. ಅಣ್ಣನ ಮಗಳಿಗೆ ಹೆಣ್ಣುಮಗು. ಅವಳೂ ವಿದುರಾಶ್ವತ್ಥದಲ್ಲಿ ಕಲ್ಲು ನಿಲ್ಲಿಸಿದವಳೇ, ಯಲಹಂಕದಿಂದ ಗಂಡನ ಜೊತೆ ಕಾರಿನಲ್ಲಿ ಬಂದು. ಹಾಗಿದ್ದರೆ ಹೆಸರು ಅಶ್ವತ್ಥ ಅಂತಲೇ ಶುರುವಾಗುತ್ತದಾ ಅಂತ ಸುಮ್ನೆ ಕೇಳಿದೆ. "ಅತ್ತೆ, ಬೇಜಾರು ಮಾಡ್ಕೋಬೇಡಿ, ಅಂಥ ಹೆಸರಿಟ್ರೆ ಮನೆಕೆಲಸದವಳ ಹೆಸರು ಅಂತಾರೆ" ಅಂದಳು.

ಬೇಜಾರಾಯಿತು, ಯಾಕಾಗಬಾರದು? ಕೆಲಸದವಳ ಹೆಸರು ಅಂದರೆ ಏನಾಯಿತೀಗ? ಇಲ್ಲಿ ಕೇರ್ ಹೋಮಿನಲ್ಲಿ ನಾನು ಮಾಡುವುದೂ ಅದೇ. ಉಣ್ಣಿಸುವುದು, ಒರೆಸುವುದು, ಹಾಸಿಗೆ ಬದಲಾಯಿಸುವುದು. ಎದೆಯ ಬ್ಯಾಡ್ಜಿನಲ್ಲಿ ಪೂರ್ತಿ ಹೆಸರಿದೆ. ಅಪ್ಪ, ಅಮ್ಮ ಅಂತ ಕೊನೆಯಾಗುವ ಹೆಸರೆಂದರೆ ಹಳ್ಳಿಯವರದು, ಬಡವರದು, ಓದದವರದು ಅಂತ ನಮ್ಮಲ್ಲಿ ಯಾವಾಗ ತೀರ್ಮಾನವಾಯಿತೋ. ಸಿನಿಮಾದಲ್ಲಿ ಅಪ್ಪನ ಪಾತ್ರ ಅಂದರೆ ಕೆ.ಎಸ್. ಅಶ್ವಥ್ ಅನ್ನುತ್ತಿದ್ದ ನಾಡು ಅದು. ಅವರ ಪೂರ್ತಿ ಹೆಸರು ಅಶ್ವತ್ಥನಾರಾಯಣ.

ಇಲ್ಲಿಯವರು ಈ ವಿಷಯದಲ್ಲಿ ನಮಗಿಂತ ವಾಸಿ ಅನ್ನಿಸುತ್ತದೆ. ನಾನು ಚಹಾ ಕೊಡುವ ಅಜ್ಜಿಯರು ಐವಿ, ಫ್ಲಾರೆನ್ಸ್. ನಮ್ಮ ಬೀದಿಯ ತಳ್ಳುಗಾಡಿಗಳಲ್ಲಿ ಮಲಗಿರುವ ಕೂಸುಗಳೂ ಐವಿ, ಫ್ಲಾರೆನ್ಸ್. ಒಲಿವಿಯಾಳ ತಮ್ಮ ಆರ್ಥರ್, ಅದು ಅವರ ಮುತ್ತಜ್ಜನ ಹೆಸರು. ಒಂದು ಕಾಲದಲ್ಲಿ ಮುದುಕರ ಹೆಸರು ಅನ್ನಿಸಿಕೊಂಡಿದ್ದ ಆರ್ಥರ್ ಈಗ ಮೊದಲ ಹತ್ತರಲ್ಲಿ ಓಡಾಡುತ್ತಿದೆ. ಹಾಗಂತ ಇವರೇನೂ ಸಾಚಾ ಅಲ್ಲ. ನನ್ನ ಹೆಸರು ನೋಡಿದ ಕೂಡಲೇ "ಇದಕ್ಕೆ ಚಿಕ್ಕದಿಲ್ವಾ?" ಅಂತ ಕೇಳುವವರೇ ಜಾಸ್ತಿ.

ಕೊನೆಗೆ ಮಗುವಿಗೆ ಹ್ರಿದ್ವಿಕಾ ಅಂತ ಇಟ್ಟರು. ಸಂಖ್ಯಾಶಾಸ್ತ್ರದವರು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಹೆಚ್ಚಿಗೆ ಸೇರಿಸಿ ಕೊಟ್ಟಿದ್ದಾರೆ, ಅದಕ್ಕೆ ಫೀಸು ಬೇರೆ. ನಾಮಕರಣದ ದಿನ ವಿಡಿಯೋ ಕಾಲಿನಲ್ಲಿ ನಾನೂ ಇದ್ದೆ. ಎಲ್ಲರೂ ಮಗುವಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ನಮ್ಮಮ್ಮನ ಸರದಿ. ಅಮ್ಮ ಬಾಯಿ ತೆರೆದಳು, ಹ್ರಿ ಅನ್ನುವಲ್ಲೇ ನಾಲಿಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಹೇಳಜ್ಜಿ ಅಂತ ಪಕ್ಕದಲ್ಲಿದ್ದವರು ಹೇಳಿಕೊಟ್ಟರು.

"ಅದೆಲ್ಲ ನನ್ನ ಬಾಯಿಗೆ ಬರಾಕಿಲ್ಲ" ಅಂದಳು ಅಮ್ಮ. "ನಾನು ಅಶ್ವತ್ತಿ ಅಂತೀನಿ. ನೀವು ಏನಾದ್ರೂ ಕರ್ಕೊಳ್ಳಿ."