ಗುಜರಿ ಸಾಮಾನಿನ ನೀರಿನ ರಾಕೆಟ್: ಗಾಳಿಗಿಂತ ಮೂಗಿನ ಭಾರ ಮುಖ್ಯ

ಪ್ಲಾಸ್ಟಿಕ್ ಬಾಟಲಿಗೆ ಸ್ವಲ್ಪ ನೀರು ಹಾಕಿ, ಗಾಳಿ ಒತ್ತಿ ತುಂಬಿ, ಕೊರಳು ಕೆಳಗಾಗಿಸಿ ಹಾರಿಸುವುದೇ ನೀರಿನ ರಾಕೆಟ್. ಅದು ಅಡ್ಡಾದಿಡ್ಡಿ ಹೋಯಿತೆಂದರೆ ಹೆಚ್ಚಿನವರು ಮುಂದಿನ ಸಲ ಇನ್ನಷ್ಟು ಗಾಳಿ ಹೊಡೆಯುತ್ತಾರೆ. ರಾಕೆಟ್ ಇನ್ನೂ ಜೋರಾಗಿ ಅಡ್ಡ ಹೋಗುತ್ತದೆ. ನೆಟ್ಟಗೆ ಹಾರುವುದು ಮೂಗಿನ ಭಾರದಿಂದ, ರೆಕ್ಕೆ ಸರಿಯಾಗಿ ಕೂತಿರುವುದರಿಂದ. ಎಷ್ಟು ಎತ್ತರ ಏರುತ್ತದೆ ಎನ್ನುವುದು ಆಮೇಲಿನ ಮಾತು. ಪಟಾಕಿ ಮದ್ದು, ಬೆಂಕಿಕಡ್ಡಿಯ ತಲೆ, ಸಕ್ಕರೆ-ಪೆಟ್ಲುಪ್ಪಿನ ಮಿಶ್ರಣ ಯಾವುದನ್ನೂ ಮನೆಯಲ್ಲಿ ಮುಟ್ಟಲೇಬೇಡಿ. ನೀರು ಮತ್ತು ಸೈಕಲ್ ಪಂಪು ಸಾಕು, 30 ಮೀಟರ್ ಆಸುಪಾಸು ಏರುತ್ತದೆ.

ಬಾಟಲಿ 2 ಲೀಟರಿನದ್ದು, ಗ್ಯಾಸ್ ಇರುವ ತಂಪು ಪಾನೀಯದ್ದೇ ಆಗಬೇಕು. ಕುಡಿಯುವ ನೀರಿನ ಬಾಟಲಿಯ ಗೋಡೆ ತೆಳು, ಅದು ಒತ್ತಡ ತಡೆಯಲೆಂದು ಮಾಡಿದ್ದಲ್ಲ. ಗ್ಯಾಸಿನ ಬಾಟಲಿಯ ತಳ ಐದು ಕಾಲಿನ ಹೂವಿನಂತಿರುತ್ತದೆ, ಅದೇ ಗುರುತು. ಒಂದೇ ಅಳತೆಯ ಮೂರು ಬಾಟಲಿ ಹುಡುಕಿ: ಒಂದು ಗಾಳಿ ತುಂಬಲು, ಒಂದು ಮೂಗಿಗೆ, ಒಂದು ರೆಕ್ಕೆಯ ಪಟ್ಟಿಗೆ. ತಣ್ಣೀರಿನಲ್ಲೇ ತೊಳೆಯಿರಿ, ಬಿಸಿನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಗಾಳಿ ತುಂಬುವ ಬಾಟಲಿಗೆ ಮರಳುಕಾಗದ ಉಜ್ಜಬಾರದು, ಫೆವಿಕ್ವಿಕ್ ಹಾಕಬಾರದು, ಹಾಟ್ ಗ್ಲೂ ಸುರಿಯಬಾರದು. ಗೀರು ಬಿದ್ದಲ್ಲಿ, ಬಿಸಿ ತಾಗಿದಲ್ಲಿ, ಅಂಟಿನಿಂದ ಗರಸಾದಲ್ಲಿ ಒತ್ತಡಕ್ಕೆ ಬಾಟಲಿ ಸೀಳುತ್ತದೆ.

ಹಾಗಾಗಿ ರೆಕ್ಕೆಯನ್ನು ಬಾಟಲಿಗೇ ಅಂಟಿಸುವುದಿಲ್ಲ. ಮೂರನೆಯ ಬಾಟಲಿಯ ನಡುಭಾಗದಿಂದ 14 ಸೆಂ.ಮೀ. ಅಗಲದ ಬಳೆ ಕತ್ತರಿಸಿ, ಉದ್ದಕ್ಕೆ ಒಂದು ಕಡೆ ಸೀಳಿ, ಗಾಳಿ ಬಾಟಲಿಗೆ ಕೊರಳಿನ ಕಡೆ ಸುತ್ತಿ ಪ್ಯಾಕಿಂಗ್ ಟೇಪಿನಿಂದ ಬಿಗಿಯಬೇಕು. ರೆಕ್ಕೆಗಳು ಆ ಬಳೆಯ ಮೇಲೆ. ಹಳೆಯ ಜಾಹೀರಾತು ಬೋರ್ಡಿನ ಸನ್‌ಪ್ಯಾಕ್ ಶೀಟು (ಒಳಗೆ ಟೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ) ಇದಕ್ಕೆ ಹೇಳಿ ಮಾಡಿಸಿದ್ದು. ಬಾಟಲಿಗೆ ತಾಗುವ ಅಂಚು 12 ಸೆಂ.ಮೀ., ಹೊರಚಾಚು 8 ಸೆಂ.ಮೀ., ಹೀಗೆ ಮೂರು ತುಂಡು. ಶೀಟಿನೊಳಗಿನ ಗೆರೆಗಳು ಬಾಟಲಿಯಿಂದ ಹೊರಕ್ಕೆ ಹೋಗುವಂತೆ ಕತ್ತರಿಸಿ. ಗೆರೆ ಉದ್ದಕ್ಕೆ ಬಂದರೆ ಗಾಳಿಯ ಹೊಡೆತಕ್ಕೆ ರೆಕ್ಕೆ ಬುಡದಲ್ಲೇ ಮಡಚುತ್ತದೆ. ಬಾಟಲಿಯ ಸುತ್ತಳತೆಗೆ ಕಾಗದದ ಪಟ್ಟಿ ಕತ್ತರಿಸಿ ಮೂರಾಗಿ ಮಡಚಿದರೆ ಜಾಗ ಗುರುತಿಸುವುದು ಸುಲಭ. ಒಂದು ರೆಕ್ಕೆ ತುಸು ವಾಲಿದ್ದರೂ ರಾಕೆಟ್ ಸುತ್ತುತ್ತಾ ಹೋಗಿ ಎತ್ತರ ಕಳೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಅವಸರ ಬೇಡ.

ಮೂಗಿಗೆ ಎರಡನೆಯ ಬಾಟಲಿಯ ಮೇಲ್ಭಾಗ, ಅದು ಗಾಳಿ ಬಾಟಲಿಯ ತಳದ ಮೇಲೆ ಕೂರುತ್ತದೆ. ಕೊರಳನ್ನು ಕತ್ತರಿಸಿ ತೆಗೆದು, ಆ ತೂತಿನಿಂದ ತುಸು ಇಣುಕುವಂತೆ ಒಳಗಿನಿಂದ ಹಳೆಯ ಟೆನ್ನಿಸ್ ಬಾಲನ್ನು ಕೂರಿಸಿ ಟೇಪ್ ಸುತ್ತಿ. ಬಾಲಿನ ತೂಕ ಸುಮಾರು 57 ಗ್ರಾಂ. ಬೇಕಾದ ಭಾರವೂ ಸಿಕ್ಕಿತು, ಮೂಗೂ ಮೆತ್ತಗಾಯಿತು. ಕಲ್ಲು, ನಟ್ಟು, ಬೋಲ್ಟು ಎಂದಿಗೂ ಬೇಡ. ಕೆಳಗೆ ಬೀಳುವಾಗ ಅದು ಯಾರ ತಲೆಗೆ ಎಂದು ಹೇಳಲಾಗದು.

ಈಗ ಪರೀಕ್ಷೆ. ನೀರಿಲ್ಲದ ರಾಕೆಟ್ಟನ್ನು ಬೆರಳ ಮೇಲಿಟ್ಟು ತೂಗಿ ಸಮತೂಕದ ಜಾಗ ಗುರುತಿಸಿ. ಅದರದೇ ಪಕ್ಕನೋಟವನ್ನು ರಟ್ಟಿನಲ್ಲಿ ಕತ್ತರಿಸಿ, ಆ ರಟ್ಟನ್ನೂ ಹಾಗೇ ತೂಗಿ. ಗಾಳಿಯ ತಳ್ಳಾಟ ಒಟ್ಟುಗೂಡುವ ಜಾಗವನ್ನು ರಟ್ಟಿನ ಗುರುತು ಹೆಚ್ಚುಕಡಿಮೆ ತೋರಿಸುತ್ತದೆ. ರಾಕೆಟ್ಟಿನ ಗುರುತು ಅದಕ್ಕಿಂತ ಕನಿಷ್ಠ ಒಂದು ಬಾಟಲಿಯ ಅಗಲದಷ್ಟು, ಎಂದರೆ 11 ಸೆಂ.ಮೀ., ಮೂಗಿನ ಕಡೆಗಿರಬೇಕು. ಆಮೇಲೆ ಸಮತೂಕದ ಜಾಗಕ್ಕೆ 2 ಮೀಟರ್ ದಾರ ಕಟ್ಟಿ ತಲೆಯ ಮೇಲೆ ಬೀಸಿ ತಿರುಗಿಸಿ. ಮೂಗು ಮುಂದಾಗಿ ಸುತ್ತಿದರೆ ಗೆದ್ದಿರಿ. ಅಡ್ಡ ತಿರುಗಿದರೆ ಮೂಗಿಗೆ 20 ಗ್ರಾಂ ಆಟದ ಕ್ಲೇ ಸೇರಿಸಿ ಮತ್ತೆ ನೋಡಿ. ಖಾಲಿ ರಾಕೆಟ್ಟನ್ನೇ ಏಕೆ ನೋಡಬೇಕೆಂದರೆ, ಪೂರ್ತಿ ತೆರೆದ ಕೊರಳಿನಿಂದ ಅರ್ಧ ಲೀಟರ್ ನೀರು ಹೊರಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಿಲ್ಲ. ಉಳಿದ ಹಾರಾಟವೆಲ್ಲ ಖಾಲಿ ಬಾಟಲಿಯದೇ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳಲ್ಲೂ ಕಬ್ಬಿಣದ ಕೊಳವೆ ಮುಂದೆ, ಉದ್ದನೆಯ ಬಿದಿರು ಹಿಂದೆ. ಭಾರ ಮುಂದಿರಲಿ, ಗಾಳಿ ಬಾಲವನ್ನು ಹಿಡಿಯಲಿ ಎನ್ನುವ ಅದೇ ಲೆಕ್ಕ ಅಲ್ಲಿಯೂ ಇದೆ.

ಹಾರಿಸುವ ಸ್ಟ್ಯಾಂಡಿಗೆ ಅರ್ಧ ಇಂಚಿನ ಪಿವಿಸಿ ನೀರಿನ ಪೈಪು, 45 ಸೆಂ.ಮೀ. ವೈರಿಂಗಿನ ಪೈಪು ಬೇಡ, ಒತ್ತಡ ತಡೆಯದು. ಕೊರಳಿನ ಒಳ ಅಳತೆ ಸುಮಾರು 21.7 ಮಿ.ಮೀ., ಪೈಪಿನದ್ದು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅಂಗಡಿಗೆ ಬಾಟಲಿಯನ್ನೇ ಒಯ್ದು ತೂರಿಸಿ ನೋಡಿ ತನ್ನಿ. ಪೈಪಿನ ಮೇಲ್ತುದಿಯಿಂದ 22 ಸೆಂ.ಮೀ. ಕೆಳಗೆ ಮೇಣದಬತ್ತಿಯ ಮೇಲೆ ತಿರುಗಿಸುತ್ತಾ ಹದವಾಗಿ ಕಾಯಿಸಿ, ಎರಡೂ ತುದಿಯನ್ನು ಒಳಕ್ಕೆ ಒತ್ತಿದರೆ ಅಲ್ಲಿ ಸ್ವಲ್ಪ ಉಬ್ಬುತ್ತದೆ. ಕೊರಳು ಆ ಉಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು. ತುಸು ವ್ಯಾಸಲೀನ್ ಸವರಿದರೆ ಸೋರುವುದಿಲ್ಲ. ಉಬ್ಬಿನ ಕೆಳಗೆ ಎಂಟು ಕೇಬಲ್ ಟೈಗಳನ್ನು ಸುತ್ತಲೂ ನಿಲ್ಲಿಸಿ ಹೋಸ್ ಕ್ಲಿಪ್ಪಿನಿಂದ ಕಟ್ಟಿ. ಅವುಗಳ ತಲೆ ಕೊರಳಿನ ಉಂಗುರವನ್ನು ಮೇಲಿನಿಂದ ಹಿಡಿಯಬೇಕು. ಅದರ ಹೊರಗೆ, ತಲೆಗಳನ್ನು ಒಳಕ್ಕೆ ಒತ್ತಿಡುವಷ್ಟು ಬಿಗಿಯಾದ ದಪ್ಪ ಪೈಪಿನ ತುಂಡು. ಹಗ್ಗದಿಂದ ಅದನ್ನು ಕೆಳಕ್ಕೆಳೆದರೆ ಟೈಗಳು ಬಿಡುತ್ತವೆ, ರಾಕೆಟ್ ಚಿಮ್ಮುತ್ತದೆ. ಬರೀ ರಬ್ಬರ್ ಬಿರಡೆ ಹಾಕಿ ಹಾರಿಸುವುದೂ ಉಂಟು. ಅದು ಎಷ್ಟು ಒತ್ತಡಕ್ಕೆ ಕಳಚುತ್ತದೆಂಬುದು ನಮ್ಮ ಕೈಲಿರುವುದಿಲ್ಲ.

ಪೈಪಿನ ಬುಡಕ್ಕೆ ಎಲ್ಬೋ, ಅಡ್ಡ ತುಂಡು, ಎಂಡ್ ಕ್ಯಾಪ್, ಅದಕ್ಕೊಂದು ಹಿತ್ತಾಳೆ ನಿಪ್ಪಲ್. ಎಲ್ಲವನ್ನೂ ಹಲಗೆಗೆ ಬಿಗಿದು ಸಾಲ್ವೆಂಟ್ (ಪಿವಿಸಿ ಪೈಪಿನ ಅಂಟು) ಒಂದು ದಿನ ಒಣಗಲಿ. ನಿಪ್ಪಲ್ಲಿಗೆ ಔಷಧಿ ಹೊಡೆಯುವ ಪಂಪಿನ ಹಳೆಯ ಹೋಸ್, 6 ಮೀಟರ್. ಹೋಸಿನ ಆ ತುದಿಗೆ ಹಳೆಯ ಬೈಕ್ ಟ್ಯೂಬಿನ ವಾಲ್ವ್ ತುರುಕಿ ಎರಡು ಕ್ಲಿಪ್ ಹಾಕಿದರೆ ಪಂಪು ದೂರದಲ್ಲೇ ಉಳಿಯುತ್ತದೆ. ಹಾರಿಸುವುದು ಬೇಡವೆನಿಸಿದರೂ ಅಲ್ಲಿಂದಲೇ ವಾಲ್ವಿನ ಪಿನ್ ಒತ್ತಿ ಗಾಳಿ ಬಿಡಬಹುದು. ಗಾಳಿ ತುಂಬಿದ ಬಾಟಲಿಯ ಹತ್ತಿರ ಯಾರೂ ಹೋಗಬಾರದು.

ಮೊದಲು ಬಾಟಲಿ ತುಂಬ ನೀರು ಹಾಕಿ ಒತ್ತಡವನ್ನು 80 ಪಿಎಸ್‌ಐಗೆ (ಗಾಳಿ ಪಂಪಿನ ಮೀಟರಿನ ಅಳತೆ) ಏರಿಸಿ ನೋಡಿ. ತುಂಬಿದ ನೀರಿನಲ್ಲಿ ಶಕ್ತಿ ಅಡಗಿ ಕೂರುವುದಿಲ್ಲ, ಸೀಳಿದರೂ ಸಿಡಿಯದು. ಹಾರಿಸುವಾಗ 500 ಮಿ.ಲೀ. ನೀರು, ಗರಿಷ್ಠ 60 ಪಿಎಸ್‌ಐ. ನೀರು ಹಾಕಿದ ಬಾಟಲಿಗೆ ಸ್ಟ್ಯಾಂಡನ್ನೇ ತಲೆಕೆಳಗಾಗಿ ತೂರಿಸಿ, ಟೈಗಳ ತಲೆಯ ಮೇಲೆ ದಪ್ಪ ಪೈಪಿನ ತುಂಡು ಸರಿಸಿ ಬೀಗ ಹಾಕಿ, ಒಟ್ಟಿಗೆ ಮಗುಚಬೇಕು. ಇದಕ್ಕೆ ಇಬ್ಬರು ಬೇಕು. ನೀರು ಅರ್ಧಕ್ಕಿಂತ ಹೆಚ್ಚಾದರೆ ಗಾಳಿಗೆ ಜಾಗವಿಲ್ಲ, ರಾಕೆಟ್ ಭಾರವಾಗಿ ಹೆಚ್ಚು ಏರುವುದಿಲ್ಲ. 200 ಮಿ.ಲೀ.ಗಿಂತ ಕಡಿಮೆಯಾದರೆ ಹಿಂದಕ್ಕೆ ತಳ್ಳಲು ನೀರೇ ಸಾಲದೆ ಗಾಳಿ ಸುಮ್ಮನೆ ಹೊರಹೋಗುತ್ತದೆ.

ಸುತ್ತ 50 ಮೀಟರ್ ಬಯಲಿರಲಿ, ತಂತಿ, ಮರ, ರಸ್ತೆ ಬೇಡ. ಪ್ರತಿ ಹಾರಾಟದ ನಂತರ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಾಗಲಿ ಮಡಿಕೆಯಲ್ಲಾಗಲಿ ಬಿಳಿ ಗೆರೆ ಕಂಡರೆ ಬಳೆ, ಮೂಗು ಬಿಚ್ಚಿಕೊಂಡು ಆ ಬಾಟಲಿಯನ್ನು ಎಸೆದು, ಅವನ್ನು ಹೊಸದಕ್ಕೆ ಹಾಕಿ.