ಒರಲಿ ಬೀರುವಿನಲ್ಲಿರಲಿಲ್ಲ

ರಾಯಚೂರಿನ ಗಂಜ್ ಹತ್ತಿರದ ಒಂದು ದಲಾಲಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಈಚೆಗೆ ಕಟ್ಟಿಸಿದ ಎರಡು ಕೋಣೆ. ಒರಲಿಗೆ, ಅಂದರೆ ಗೆದ್ದಲಿಗೆ, ಔಷಧ ಹಾಕಲು ಕರೆ ಬಂದದ್ದು ಅಲ್ಲಿಂದ. ಮೇ ತಿಂಗಳ ಕೊನೆ. ಬೆಳಿಗ್ಗೆ ಎಂಟಕ್ಕೇ ಗೋಡೆ ಮುಟ್ಟಿದರೆ ಕೈಗೆ ಬಿಸಿ ಹತ್ತುತ್ತಿತ್ತು. ಸಾವಕಾರರು ಗೋಡೆಯೊಳಗಿನ ಮರದ ಬೀರು ತೆರೆದು ಹಳೆಯ ಖಾತೆ ಪುಸ್ತಕವೊಂದನ್ನು ಎತ್ತಿದರು. ರಟ್ಟು ಕೈಗೆ ಬಂತು, ಹಾಳೆ ಬರಲಿಲ್ಲ. ಹಾಳೆ ಇರಬೇಕಾದಲ್ಲಿ ಕಂದು ಮಣ್ಣಿನ ಜಾಲರಿ, ಅದರೊಳಗೆ ಅಕ್ಕಿನುಚ್ಚಿನಂಥ ಹುಳಗಳ ಓಡಾಟ.

“ಹೋದ ವರ್ಷನ ಔಷಧ ಹೊಡಿಸೀವ್ರಿ. ಐದು ವರ್ಷ ಗ್ಯಾರಂಟಿ ಅಂತ ಕಾಗದಾನೂ ಕೊಟ್ಟಾರ. ಮತ್ತ ಬಂದಾವು ನೋಡ್ರಿ.”

“ಎಲ್ಲಿ ಹೊಡದಿದ್ರು ಸಾವಕಾರ್ರ?”

“ಎಲ್ಲಿ ಅಂದ್ರ? ಈ ಬೀರುಗೇ. ಎಂಟು ದಿನ ವಾಸನಿ ಹೋಗಿದ್ದಿಲ್ಲ.”

ಕೆಟ್ಟದ್ದು ಅಲ್ಲೇ. ನಮ್ಮ ಕಡೆ ಮನೆ ಹೊಗುವ ಒರಲಿ ಬಹುಪಾಲು ನೆಲದೊಳಗಿನದು. ಗೂಡು, ರಾಣಿ, ಮರಿ ಎಲ್ಲ ಮಣ್ಣಿನಲ್ಲಿ. ಮರಕ್ಕೂ ಕಾಗದಕ್ಕೂ ಅದು ಬರುವುದು ಮೇವಿಗೆ ಮಾತ್ರ. ತೆಳು ಚರ್ಮದ ಹುಳ, ಒಣ ಗಾಳಿ ತಡೆಯದು, ಅದಕ್ಕೇ ದಾರಿಯುದ್ದಕ್ಕೂ ಮಣ್ಣಿನ ಕೊಳವೆ ಕಟ್ಟಿಕೊಂಡು ಓಡಾಡುತ್ತದೆ. ಬೀರುವಿಗೆ ಘಾಟು ಔಷಧ ಹೊಡೆದರೆ ಅಲ್ಲಿದ್ದ ಒಂದು ಹಿಡಿ ಸಾಯುತ್ತದೆ, ಉಳಿದದ್ದು ಗೋಡೆಯೊಳಗೇ ಇನ್ನೊಂದು ದಾರಿ ಹಿಡಿಯುತ್ತದೆ. ಜಿರಳೆಗೆಂದು ತಂದ ಸ್ಪ್ರೇ ಡಬ್ಬಿಯನ್ನು ಕೊಳವೆಯ ಮೇಲೆ ಒತ್ತುವುದರಿಂದ ಆಗುವುದೂ ಇಷ್ಟೇ.

ಆದ್ದರಿಂದ ಮೊದಲ ಒಂದೂವರೆ ತಾಸು ಔಷಧದ ಬಾಟಲಿ ಮುಟ್ಟಲೇ ಇಲ್ಲ. ಬೇಕಾದದ್ದು ಟಾರ್ಚು ಮತ್ತು ಸ್ಕ್ರೂ ಡ್ರೈವರ್. ಟಾರ್ಚನ್ನು ಗೋಡೆಗೆ ನೇರ ಹಿಡಿದರೆ ಏನೂ ಕಾಣುವುದಿಲ್ಲ. ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ ಬಣ್ಣ ಹಪ್ಪಳದಂತೆ ಉಬ್ಬಿದ ಗೆರೆ ಎದ್ದು ಕಾಣುತ್ತದೆ. ಚೌಕಟ್ಟನ್ನು ಸ್ಕ್ರೂ ಡ್ರೈವರಿನ ಹಿಡಿಕೆಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಹೋಗಬೇಕು. ಗಟ್ಟಿ ಮರ ಟಕ್ ಎನ್ನುತ್ತದೆ, ತಿಂದ ಮರ ಖಾಲಿ ಡಬ್ಬಿಯಂತೆ ಬೊಳಬೊಳ. ಇಲ್ಲಿನ ಚೌಕಟ್ಟು ತೇಗದ್ದು. ತೇಗಕ್ಕೆ ಒರಲಿ ಹತ್ತುವುದಿಲ್ಲ ಎಂಬ ಮಾತು ಅರ್ಧ ನಿಜ: ನಡುವಿನ ಕಪ್ಪು ತಿರುಳು ಹಾಗೇ ನಿಂತಿತ್ತು, ಅಂಚಿನ ಬಿಳಿ ಮರವಷ್ಟೂ ಹೋಗಿತ್ತು. ಬಡಗಿಗೆ ದುಡ್ಡು ಕೊಡುವಾಗ ಈ ಬಿಳಿ ಅಂಚು ಎಷ್ಟಿದೆ ಎಂದು ನೋಡುವವರು ಕಡಿಮೆ.

ಮಂಚದ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿದೆ, ಅದೂ ಒರಲಿಯೇ ಎಂದು ಒಳಗಿನಿಂದ ಹೇಳಿ ಕಳಿಸಿದರು. ಅದು ಬೇರೆ. ಸಣ್ಣ ದುಂಡು ತೂತು, ಕೆಳಗೆ ನುಣ್ಣನೆ ಹಿಟ್ಟು ಬಿದ್ದರೆ ಅದು ಮರ ಕೊರೆಯುವ ದುಂಬಿಯ ಕೆಲಸ, ಅದಕ್ಕೆ ನೆಲ ಕೊರೆದು ಪ್ರಯೋಜನವಿಲ್ಲ. ನೆಲದ ಒರಲಿ ಹಿಟ್ಟು ಉದುರಿಸುವುದಿಲ್ಲ, ತಿಂದ ಜಾಗಕ್ಕೆ ಮಣ್ಣು ಮೆತ್ತುತ್ತದೆ.

ಮೇಲಿನ ಕೋಣೆಯಲ್ಲಿ ಸ್ವಿಚ್ ಬೋರ್ಡಿನ ಸುತ್ತ ಮಣ್ಣಿನ ಅಂಚು ಕಂಡಿತು. ಮೇನ್ ಆಫ್ ಮಾಡಿಸಿ ಬೋರ್ಡು ಬಿಚ್ಚಿದರೆ ವೈರಿನ ಪೈಪಿನ ಬಾಯಿತುಂಬ ಮಣ್ಣು. ಮೊದಲ ಮಹಡಿಗೆ ಒರಲಿ ಹತ್ತುವ ಸಲೀಸು ದಾರಿಯೆಂದರೆ ಗೋಡೆಯೊಳಗೆ ಹೂತ ಈ ಪೈಪು: ಕತ್ತಲು, ಗಾಳಿಯಿಲ್ಲ, ಕಟ್ಟುವ ಶ್ರಮವೂ ಇಲ್ಲ. ಇದರೊಳಗೆ ಔಷಧ ಸುರಿಯಬಾರದು. ನೀರು ವೈರಿನ ಜೋಡಣೆಗೆ ಇಳಿದರೆ ಗೋಡೆಗೇ ಕರೆಂಟು ಬರುತ್ತದೆ. ಬುಡದ ಮಣ್ಣಿಗೆ ಔಷಧ ಸರಿಯಾಗಿ ಹೋದರೆ ಪೈಪಿನ ಸಂಚಾರ ತಾನೇ ನಿಲ್ಲುತ್ತದೆ.

ಬುಡ ಎಲ್ಲಿ? ಬೀರುವಿನ ಗೋಡೆಯ ಆಚೆ ಬದಿ ಓಣಿ. ಅಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂಲರ್, ಅದರ ತೊಟ್ಟಿಯಿಂದ ಹನಿ ಹನಿ ನೀರು ಗೋಡೆಗುಂಟ ಇಳಿದು ಬುಡದಲ್ಲಿ ಇಂಗುತ್ತಿತ್ತು. ಸುತ್ತ ನೆಲವೆಲ್ಲ ಬಿರುಕುಬಿಟ್ಟ ಕರಿ ಎರೆಮಣ್ಣು, ಇಲ್ಲಿ ಮಾತ್ರ ಪಾಚಿ. ಬೇಸಿಗೆಯಲ್ಲಿ ಒರಲಿ ಹುಡುಕುವವರು ಕೂಲರ್ ಎಲ್ಲಿದೆ ಎಂದು ಮೊದಲು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಜೊತೆಗೆ ಸಿಮೆಂಟ್ ರಸ್ತೆ ಮೇಲೆ ಸಿಮೆಂಟ್ ರಸ್ತೆ ಹಾಕಿ ಓಣಿ ಎತ್ತರವಾಗಿ, ಅಂಗಡಿಯ ನೆಲ ಓಣಿಗಿಂತ ಒಂದು ಗೇಣು ಕೆಳಗಿತ್ತು. ಗೋಡೆಗೂ ರಸ್ತೆಗೂ ನಡುವೆ ಉಳಿದ ಮಣ್ಣಿನ ಪಟ್ಟಿ ನೆಲಮಟ್ಟಕ್ಕಿಂತ ಮೇಲೇ ಗೋಡೆಯನ್ನು ತಬ್ಬಿಕೊಂಡಿತ್ತು.

ಎರೆ ಭೂಮಿಯ ತಂಟೆ ಬೇರೆಯೇ. ಬೇಸಿಗೆಯಲ್ಲಿ ಕುಗ್ಗಿ, ಮಳೆಗಾಲದಲ್ಲಿ ಉಬ್ಬಿ, ಗೋಡೆ ಮತ್ತು ನೆಲದ ಸಂದು ಪ್ರತಿವರ್ಷ ಕೂದಲೆಳೆಯಷ್ಟು ಬಿಚ್ಚುತ್ತದೆ, ಒರಲಿಗೆ ಅಷ್ಟು ಸಾಕು. ಔಷಧಕ್ಕೂ ಅದು ಒಗ್ಗುವುದಿಲ್ಲ. ಪೂರ್ತಿ ಒಣಗಿದ್ದರೆ ಬಿರುಕಿನಲ್ಲಿ ಸರ್ರನೆ ಕೆಳಗಿಳಿದು ಹೋಗುತ್ತದೆ, ಪೂರ್ತಿ ಹಸಿಯಿದ್ದರೆ ಕುಡಿಯುವುದೇ ಇಲ್ಲ. ಹೊರಗಿನ ಪಟ್ಟಿಗೆ ಹಿಂದಿನ ಸಂಜೆ ತೆಳ್ಳಗೆ ನೀರು ಚಿಮುಕಿಸಿ, ಬೆಳಿಗ್ಗೆ ಬಿರುಕಿಗೆ ಮಣ್ಣು ತಳ್ಳಿ ಆಮೇಲೆ ಹಾಕಬೇಕು.

ಔಷಧ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ. ಹೆಸರಿನ ಮುಂದಿನ ಅಂಕಿ ನೂರಕ್ಕೆ ಎಷ್ಟು ಪಾಲು ಔಷಧ ಎಂಬುದು, ಅಕ್ಷರ ಅದು ಯಾವ ರೂಪದ್ದು ಎಂಬುದು. ಲೀಟರ್ ನೀರಿಗೆ 2.1 ಮಿಲಿ. ಇದಕ್ಕೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಹುಳಕ್ಕೆ ಗೊತ್ತಾಗದೆ ಔಷಧದ ಮಣ್ಣಿನಲ್ಲೇ ಓಡಾಡಿ, ಮೈಗೆ ಬಾಯಿಗೆ ಹತ್ತಿಸಿಕೊಂಡು ಉಳಿದವಕ್ಕೂ ದಾಟಿಸುತ್ತದೆ. ಬೈಫೆಂಥ್ರಿನ್ 2.5 ಇಸಿ ಆದರೆ ಲೀಟರಿಗೆ 20 ಮಿಲಿ, ಅದು ಹುಳವನ್ನು ದೂರ ಇಡುವ ಜಾತಿಯದು. ಹೊಸ ಕಟ್ಟಡದ ಪಾಯಕ್ಕೆ ಎರಡೂ ನಡೆದಾವು; ಒಳಗೆ ಆಗಲೇ ಹುಳ ಸೇರಿದ ಹಳೇ ಗೋಡೆಗೆ ಮೊದಲನೆಯದೇ ವಾಸಿ. “ನಮ್ಮ ಹೊಲಕ್ಕ ತಂದದ್ದು ಅದ ಹೆಸರಿಂದು ಐತಲ್ರಿ” ಎಂದರು ಸಾವಕಾರರು. ಹತ್ತಿಗೆ ಹೊಡೆಯುವುದು 17.8 ಎಸ್‌ಎಲ್. ಹೆಸರು ಅದೇ, ಸಾಂದ್ರತೆ ಬೇರೆ, ಬೆಳೆಗೆಂದು ಬರೆದ ಅಳತೆಯಲ್ಲಿ ಹಾಕಿದರೆ ಮಣ್ಣಿನಲ್ಲಿ ಏನೂ ಉಳಿಯುವುದಿಲ್ಲ.

ಲೆಕ್ಕ ಗುಟ್ಟಿನದಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಎಂಬ ಒರಲಿ ತಡೆಯುವ ಮಾನಕದ ಮೂರನೇ ಭಾಗ ಕಟ್ಟಿ ಮುಗಿದ ಕಟ್ಟಡಗಳಿಗೆಂದೇ ಇದೆ. ಗೋಡೆ ಮತ್ತು ನೆಲ ಕೂಡುವಲ್ಲಿ 300 ಮಿಲಿಮೀಟರಿಗೊಂದು, ಅಂದರೆ ಅಡಿಗೊಂದು ತೂತು. ತೂತಿಗೆ ಹಿಡಿಯುವಷ್ಟು, ಹೆಚ್ಚೆಂದರೆ ಒಂದು ಲೀಟರ್. ಅಂಗಡಿ 20 ಅಡಿ ಉದ್ದ, 12 ಅಡಿ ಅಗಲ; ಷಟರ್ ಬದಿ ಬಿಟ್ಟರೆ 52 ತೂತು. ಹಿಂದಿನ 12 ಅಡಿ ಚೌಕದ ಕೋಣೆಯಲ್ಲಿ ಬಾಗಿಲುಗಳ ಜಾಗ ಕಳೆದು 42. ಬೀರುವಿನ ಗೋಡೆ ಕಲ್ಲು ಮಣ್ಣಿನದು, ನಡುವೆ ಪೊಳ್ಳು. ಅದಕ್ಕೆ ಎರಡೂ ಬದಿಯಿಂದ ಕೆಳಮುಖವಾಗಿ 45 ಡಿಗ್ರಿ ಓರೆಯಲ್ಲಿ 24. ಹೊರಗೆ ಓಣಿಯ ಬದಿ 8 ಮೀಟರ್ ಗೋಡೆಗುಂಟ 300 ಮಿಲಿಮೀಟರ್ ಆಳದ ಕಾಲುವೆ, ಮೀಟರಿಗೆ 2.25 ಲೀಟರಿನಂತೆ 18. ಒಟ್ಟು 136 ಲೀಟರ್, ಔಷಧ ಸುಮಾರು 286 ಮಿಲಿ. 250ರ ಬಾಟಲಿ ಒಂದು, 50ರದು ಒಂದು. ಈ ಅಳತೆಯ ಕೆಲಸಕ್ಕೆ ಯಾರಾದರೂ ಒಂದೇ 50 ಮಿಲಿ ಬಾಟಲಿ ಹಿಡಿದು ಬಂದರೆ ಅವರಿಗೆ ಚಹಾ ಕುಡಿಸಿ ಕಳಿಸಬಹುದು. ಗ್ಯಾರಂಟಿ ಕಾಗದಕ್ಕಿಂತ ಖಾಲಿ ಬಾಟಲಿ ಮತ್ತು ತೂತಿನ ಎಣಿಕೆ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೊರೆಯುವ ಮೊದಲು ನೀರಿನ ಪೈಪು, ವೈರು, ಸಂಪು, ಬಾವಿ ಎಲ್ಲೆಲ್ಲಿ ಎಂದು ಕೇಳಿ ಸೀಮೆಸುಣ್ಣದ ಗುರುತು ಹಾಕಬೇಕು. ಸಂಪು ಅಂಗಳದ ಆಚೆ ತುದಿಗಿತ್ತು. ಹತ್ತಿರವಿದ್ದಿದ್ದರೆ ಆ ಬದಿಗೆ ಔಷಧವೇ ಬೇಡ ಎನ್ನಬೇಕಾಗುತ್ತಿತ್ತು. ನೆಲಕ್ಕೆ ಮೇಲೊಂದು ಟೈಲ್ಸು, ಅದರ ಕೆಳಗೆ ಹಳೆಯ ಶಹಾಬಾದ್ ಫರ್ಸಿ, ಅದರ ಕೆಳಗೆ ಸುಣ್ಣದ ಗಚ್ಚು. 12 ಮಿಲಿಮೀಟರ್ ದಪ್ಪ, ಒಂದಡಿ ಉದ್ದದ ಬಿಟ್ ಬೇಕು. ಇಲ್ಲೇ ಹೆಚ್ಚಿನವರು ಕೈಕೊಡುವುದು: ಗಿಡ್ಡ ಬಿಟ್ಟಿನಿಂದ ಎರಡು ಇಂಚು ಕೊರೆದು, ಔಷಧ ಮೇಲಕ್ಕೆ ಉಕ್ಕಿದ್ದನ್ನು ತೋರಿಸಿ “ನೆಲ ತುಂಬಿತು” ಎನ್ನುತ್ತಾರೆ. ಮಣ್ಣು ಮುಟ್ಟಿತೋ ಇಲ್ಲವೋ ಪುಡಿಯೇ ಹೇಳುತ್ತದೆ. ಮೊದಲು ಟೈಲ್ಸಿನ ಕೆಂಪು, ಆಮೇಲೆ ಫರ್ಸಿಯ ಬೂದು, ಗಚ್ಚಿನ ಬಿಳಿ, ಕೊನೆಗೆ ಬಿಟ್ ಒಮ್ಮೆಲೆ ಜಗ್ಗಿ ಒಳಗಿಳಿದು, ಎಳೆದರೆ ತಿರುಪಿನ ಸಂದಿನಲ್ಲಿ ಕರಿಮಣ್ಣು ಮೆತ್ತಿಕೊಂಡು ಬರುತ್ತದೆ. ಆ ಕರಿಮಣ್ಣು ಕಾಣದ ತೂತು ಲೆಕ್ಕಕ್ಕಿಲ್ಲ.

ಹಿಂದಿನ ಕೋಣೆಯ ಮೂಲೆಯಲ್ಲಿ ಒಂದು ತೂತು ಲೀಟರ್ ಕುಡಿಯಿತು. ಪಂಪಿನ ಹಿಡಿಕೆಗೆ ಎದುರೊತ್ತು ಬರಲೇ ಇಲ್ಲ. ಬಾಯಿಗೆ ಕಿವಿ ಇಟ್ಟರೆ ಒಳಗೆ ದೂರದಲ್ಲೆಲ್ಲೋ ತೊಟ್ಟಿಕ್ಕುವ ಸದ್ದು. ಹೀಗಾದಾಗ ಇನ್ನೂ ಸುರಿಯುವುದು ದಡ್ಡತನ. ಇಲಿಬಿಲ, ಮುಚ್ಚಿದ ಬಾವಿ, ಒಡೆದ ಚರಂಡಿ ಪೈಪು, ಯಾವುದೂ ಇರಬಹುದು. ಪಂಪು ನಿಲ್ಲಿಸಿ ಬಾವಿ ಇತ್ತೇನು ಎಂದು ಕೇಳಿದ್ದಕ್ಕೆ, ಕಟ್ಟೆಯ ಮೇಲೆ ಕೂತಿದ್ದ ಮನೆಯ ಹಿರಿಯಮ್ಮ ನಕ್ಕರು.

“ಬಾವಿ ಅಲ್ಲೋ ತಮ್ಮಾ, ಹಗೇವು. ಜ್ವಾಳ ತುಂಬತಿದ್ವಿ ಅದರಾಗ. ಮ್ಯಾಲ ಕಲ್ಲು ಹಾಕಿ ಮುಚ್ಚ್ಯಾರ.”

ಅಲ್ಲಿ ಟೈಲ್ಸು ಹಾಕದೆ ಫರ್ಸಿಯನ್ನೇ ಉಳಿಸಿದ್ದರು, ಎರಡು ಕಲ್ಲು ಎಬ್ಬಿಸಿದರೆ ಸಾಕಾಯಿತು. ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿ. ಅದಕ್ಕೆ ಜೋಳ ತುಂಬುವ ಮೊದಲು ಸುತ್ತ ಹುಲ್ಲು ಒತ್ತುತ್ತಿದ್ದರು. ಮುಚ್ಚುವಾಗ ಆ ಹುಲ್ಲನ್ನೂ ಬಾಯಿಯ ಹಲಗೆಯನ್ನೂ ಒಳಗೇ ಬಿಟ್ಟು, ಮೇಲೆ ಸಡಿಲ ಮಣ್ಣು ತಳ್ಳಿದ್ದರು. ಮಣ್ಣು ಕುಸಿದು ಕಲ್ಲಿನ ಕೆಳಗೆ ಒಂದೂವರೆ ಅಡಿ ಖಾಲಿ. ಹಲಗೆ ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯಿತು. ಒಳಗೆಲ್ಲ ಮಣ್ಣಿನ ಗೂಡು, ಬಿಳಿ ಹುಳದ ನಡುವೆ ಕಂದು ತಲೆಯ ಸೈನಿಕ ಹುಳಗಳು. ಕೈಬೆರಳು ದಪ್ಪದ ಕೊಳವೆ ಬೀರುವಿನ ಗೋಡೆಯ ಕಡೆಗೆ ಹೊರಟಿತ್ತು. ಒಂದು ಬದಿಗೆ ಕೂಲರಿನ ತೇವ, ಇನ್ನೊಂದು ಬದಿಗೆ ಹುಲ್ಲು ಹಲಗೆಯ ಮೇವು, ನಡುವೆ ಗೋಡೆ. ಖಾತೆ ಪುಸ್ತಕ ದಾರಿಯಲ್ಲಿ ಸಿಕ್ಕ ತಿನಿಸು ಅಷ್ಟೇ.

ಮೇವು ಉಳಿಸಿ ಔಷಧ ಹಾಕಿದರೆ ಅರೆಗೆಲಸ. ಹುಲ್ಲು, ಹಲಗೆ ಚೂರು, ಗೂಡಿನ ಮಣ್ಣು ಎರಡು ಗೋಣಿಚೀಲ ಹೊರಗೆ ಹೋಯಿತು. ಕೆಳಗಿನ ಮಣ್ಣಿಗೆ ಚದರ ಮೀಟರಿಗೆ 5 ಲೀಟರ್, ಹೊಸ ಕಟ್ಟಡದ ನೆಲಕ್ಕೆ ಹಾಕುವ ಅಳತೆ. ಸುತ್ತಿನ ಗೋಡೆಗೂ ಅಷ್ಟೇ ಹಿಡಿಯಿತು. ಮೇಲೆ ಮೊರಂ ಅರ್ಧರ್ಧ ಅಡಿ ಹಾಕಿ ದಮ್ಮಸು ಮಾಡಿ, ಕಲ್ಲು ಕೂರಿಸಿದ್ದು ಮಧ್ಯಾಹ್ನ ಮೂರಕ್ಕೆ. ಹೊಸ ಬಡಾವಣೆಗಳಲ್ಲೂ ಇದೇ ಕತೆ, ಹಗೇವಿನ ಬದಲು ಪಾಯದೊಳಗೆ ಬಿಟ್ಟ ಸೆಂಟ್ರಿಂಗ್ ಹಲಗೆ, ಹೊಲದಲ್ಲಿದ್ದ ಜಾಲಿಯ ಬೊಡ್ಡೆ.

ಚೌಕಟ್ಟಿಗೆ ಬೇರೆ ಕ್ರಮ. ಕಾಣದ ಬದಿಯಲ್ಲಿ 3 ಮಿಲಿಮೀಟರ್ ಬಿಟ್ಟಿನಿಂದ ಆರು ಇಂಚಿಗೊಂದು ಓರೆ ತೂತು, ಒಳಗೆ ಸಿರಿಂಜಿನಿಂದ ಎಣ್ಣೆಯಲ್ಲಿ ಬೆರೆಯುವ ಔಷಧ. ನೆಲಕ್ಕೆ ಕಲಸಿದ ಎಸ್‌ಸಿ ಔಷಧವನ್ನೇ ಸೀಮೆಎಣ್ಣೆಗೆ ಸುರಿಯುವವರಿದ್ದಾರೆ. ಅದು ನೀರಿನಲ್ಲಿ ತೇಲುವ ಪುಡಿ, ಎಣ್ಣೆಯಲ್ಲಿ ಬೆರೆಯದೆ ತಳಕ್ಕೆ ಕೂರುತ್ತದೆ. ಗಾಡಿಯ ಹಳೇ ಆಯಿಲ್ ಬಳಿಯುವುದು ಇನ್ನೊಂದು ರೂಢಿ. ಮೇಲ್ಮೈ ಕಪ್ಪಾಗುತ್ತದೆ, ಒಳಗಿನ ಹುಳಕ್ಕೆ ಸುದ್ದಿಯೂ ಮುಟ್ಟುವುದಿಲ್ಲ.

ತೂತುಗಳಿಗೆ ಬಿಳಿ ಸಿಮೆಂಟ್ ತುಂಬಿ, ಮಕ್ಕಳನ್ನು ನೆಲ ಒಣಗುವ ತನಕ ಹೊರಗಿಡಲು ಹೇಳಿ, ಬೀರುವಿನ ಕೊಳವೆಯನ್ನು ಬೇಕೆಂದೇ ಒಡೆಯದೆ ಬಿಟ್ಟದ್ದಾಯಿತು. ಪೂರ್ತಿ ಒಡೆದು ಕೆಡವಿದರೆ ಹುಳ ಆ ದಾರಿ ಬಿಡಬಹುದು, ಔಷಧದ ಮಣ್ಣು ದಾಟುವುದು ತಪ್ಪೀತು. ಹನ್ನೆರಡನೇ ದಿನ ಫೋನು ಬಂತು.

“ಇನ್ನೂ ಜೀವಂತ ಅದಾವ್ರಿ. ಬಾಜೂದವ್ರು ಸ್ಪ್ರೇ ತಂದಾರ, ಹೊಡೀಲೇನ್ರಿ?”

“ಹೊಡೀಬ್ಯಾಡ್ರಿ. ತಿಂಗಳ ತಡೀರಿ. ಕೂಲರ್ ನೀರು ನಿಲ್ಲಿಸೀರಿಲ್ಲೋ?”

“ಇವತ್ತ ನಿಲ್ಲಸ್ತೀನ್ರಿ.”

ನಿಧಾನ ಔಷಧ, ವಾರಗಟ್ಟಲೆ ಹಿಡಿಯುತ್ತದೆ. ತಿಂಗಳಾದ ಮೇಲೆ ಕೊಳವೆಯನ್ನು ಮೂರು ಕಡೆ ಇಂಚಿಂಚು ಒಡೆದು, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆದು ಬಿಟ್ಟದ್ದು. ಜೀವವಿದ್ದರೆ ಎರಡು ಮೂರು ದಿನದಲ್ಲಿ ಹಸಿಮಣ್ಣಿನ ತೇಪೆ ಬೀಳುತ್ತದೆ. ನಾಲ್ಕನೇ ದಿನ ಮೂರೂ ಬಾಯಿ ತೆರೆದೇ ಇದ್ದವು, ಅಂಚಿನ ಮಣ್ಣು ಉಗುರು ತಾಗಿದರೆ ಉದುರುತ್ತಿತ್ತು. ಸ್ವಿಚ್ ಬೋರ್ಡಿನ ಪೈಪಿನದೂ ಒಣಗಿತ್ತು. ಹೊರಗೆ ಕೂಲರ್ ಅದೇ ಸ್ಟ್ಯಾಂಡಿನ ಮೇಲಿತ್ತು. ತೊಟ್ಟಿಯ ಕೆಳಗೆ ಒಂದು ಹಸಿರು ಪೈಪು ಸಿಕ್ಕಿಸಿ ನೀರನ್ನು ಓಣಿಯ ಮೋರಿಗೆ ಬಿಟ್ಟಿದ್ದರು.